ಒಳಕಲ್ಲು ತೀರ್ಥಕ್ಕೆ ಯಾವ ಸಾಧನ?

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯಲ್ಲಿರುವ ಶಿವಗಂಗೆ ಬೆಟ್ಟಕ್ಕೆ ನಾಲ್ಕು ರೂಪ ಎನ್ನುತ್ತಾರೆ. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ. ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರದ ಈ ಬಂಡೆಯನ್ನು ಹತ್ತುವವರು ಗಂಗಾಧರೇಶ್ವರನ ದರ್ಶನ ಮುಗಿಸಿಕೊಂಡು ಒಳಕಲ್ಲು ತೀರ್ಥದ ಗುಹೆಗೆ ಬರುತ್ತಾರೆ. ಅಲ್ಲಿ ಬಂಡೆಯಲ್ಲೇ ಒರಳಿನಂಥ ಕಿರಿದಾದ ಗುಂಡಿಯೊಂದಿದೆ. ಬಗ್ಗಿ ಅದರೊಳಗೆ ತೋಳು ಇಳಿಬಿಡಬೇಕು. ಬೆರಳಿಗೆ ನೀರು ತಾಗಿದವರು ಪುಣ್ಯವಂತರೆಂದು ನಂಬಿಕೆ. ಕೆಲವರಿಗೆ ತಾಗುತ್ತದೆ, ಕೆಲವರಿಗೆ ತಾಗುವುದಿಲ್ಲ. ಇಂಥ ಜಾಗವನ್ನು ಕನ್ನಡದಲ್ಲಿ ಒಂದು ಸಾಹಸದ ಆಟವಾಗಿ, ಆಡುವವರು ಪಾತ್ರಗಳೊಡನೆ ಮಾತಾಡುತ್ತ ಮುಂದೆ ಸಾಗುವ ಕಥೆಯಾಗಿ ಬರೆಯಲು ಹೊರಟವರು ಎಲ್ಲಕ್ಕಿಂತ ಮೊದಲು ಕೇಳುವುದು, ಯಾವ ಸಾಫ್ಟ್‌ವೇರ್‌ನಲ್ಲಿ ಮಾಡೋಣ ಎಂದು. ಕೇಳಿದರೆ ಇದು ಬೆಲೆ, ಲೈಸೆನ್ಸ್, ಕಲಿಯುವ ಕಷ್ಟ ಇಷ್ಟಕ್ಕೇ ಸೇರಿದ ಪ್ರಶ್ನೆಯೆನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಕರ್ಮಕ್ಕೂ ಫಲಕ್ಕೂ ಏನು ಸಂಬಂಧ, ಮಾಡಿದ್ದನ್ನು ಅಳಿಸಬಹುದೇ, ಮನುಷ್ಯನ ಸ್ವಾತಂತ್ರ್ಯ ಇರುವುದು ಎಲ್ಲಿ ಎಂಬ ಹಳೆಯ ಪ್ರಶ್ನೆಗಳಿಗೆ ಪ್ರತಿಯೊಂದು ಸಾಧನವೂ ಮೊದಲೇ ಒಂದು ಉತ್ತರ ಇಟ್ಟುಕೊಂಡು ಬಂದಿರುತ್ತದೆ. ಬರೆಯುವವರು ತಿಳಿಯದೆ ಆ ಉತ್ತರವನ್ನೇ ಆಟಕ್ಕೆ ತುಂಬುತ್ತಾರೆ.

ಕೆಲವು ಸಾಧನಗಳನ್ನು ಹತ್ತಿರದಿಂದ ನೋಡೋಣ. ಕ್ರಿಸ್ ಕ್ಲೈಮಸ್ 2009ರಲ್ಲಿ ಹೊರತಂದ ಟ್ವೈನ್‌ನಲ್ಲಿ ಕಥೆ ಪರದೆಯ ಮೇಲೆ ಪೆಟ್ಟಿಗೆಗಳಾಗಿ ಹರಡಿರುತ್ತದೆ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬಾಣದ ಗೆರೆ. ಕೋಡ್ ಬಾರದವರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಅದು ಸಹಜವಾಗಿ ಹೇಳುವುದು ಕವಲು ದಾರಿಯ ತತ್ತ್ವ: ಎಡಕ್ಕೆ ಹೋದವನ ಬದುಕು ಬೇರೆ, ಬಲಕ್ಕೆ ಹೋದವನದು ಬೇರೆ. 2004ರಿಂದ ಇರುವ ರೆನ್‌ಪೈಯಲ್ಲಿ ಆಡುವವರು ಮೌಸ್‌ನ ಚಕ್ರ ಹಿಂದಕ್ಕೆ ತಿರುಗಿಸಿದರೆ ಸಾಕು, ಆಡಿದ ಮಾತು ಆಡದಂತಾಗುತ್ತದೆ. ಬೇರೆ ಉತ್ತರ ಆರಿಸಿಕೊಂಡು ಮುಂದೆ ಹೋಗಬಹುದು. ಲೇಖಕರು ಬೇಡವೆಂದರೆ ಇದನ್ನು ತಡೆಯಬಹುದು, ಆದರೆ ತಡೆಯಲು ಅವರೇ ಕೈಹಾಕಬೇಕು. ಚಾಯ್ಸ್‌ಸ್ಕ್ರಿಪ್ಟ್‌ನಲ್ಲಿ ಪಾತ್ರದ ಗುಣಗಳನ್ನು ಶೇಕಡಾವಾರು ಅಂಕಿಯಾಗಿಟ್ಟು ಪುಟದಲ್ಲಿ ಪಟ್ಟಿಯಾಗಿ ತೋರಿಸುವ ಏರ್ಪಾಡು ಸಿದ್ಧವಾಗಿಯೇ ಇದೆ. ಗುಣ ನೂರರ ಹತ್ತಿರ ಬಂದಷ್ಟೂ ಏರಿಕೆ ನಿಧಾನವಾಗುವ ಲೆಕ್ಕವೂ ಅದರೊಳಗಿದೆ. ಗ್ರಹಾಂ ನೆಲ್ಸನ್‌ರ ಇನ್‌ಫಾರ್ಮ್ ಇಡೀ ಲೋಕವನ್ನೇ ಕಟ್ಟುತ್ತದೆ. ಕೋಣೆ, ಬಾಗಿಲು, ದೀಪ, ಅವುಗಳ ನಿಯಮ. ಇಂಕಲ್ ಸಂಸ್ಥೆ 2016ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟ ಇಂಕ್‌ನ ಸ್ವಭಾವ ಇನ್ನೊಂದು ಬಗೆಯದು. ಅಲ್ಲಿ ಮಾತು ಕವಲೊಡೆದರೂ ಒಂದೆರಡು ಸಾಲಿನಲ್ಲಿ ಮತ್ತೆ ಕೂಡಿಕೊಳ್ಳುತ್ತದೆ, ಆದರೆ ಯಾವ ಮಾತನ್ನು ಆಡಲಾಯಿತು, ಎಷ್ಟು ಸಲ ಎಂಬುದನ್ನು ಯಾರೂ ಹೇಳದೆಯೇ ನೆನಪಿಟ್ಟುಕೊಂಡಿರುತ್ತದೆ. ಅರ್ಧ ಗಂಟೆಯ ಮೇಲೆ ಬರುವ ಪಾತ್ರವೊಂದು ಆ ನೆನಪನ್ನು ಕೇಳಿ ತನ್ನ ಧಾಟಿ ಬದಲಿಸಬಹುದು.

ಈಗ ಒಳಕಲ್ಲಿನ ಗುಂಡಿಗೆ ಬರೋಣ. ಆಡುವವರು ಕೈ ಇಳಿಬಿಟ್ಟಿದ್ದಾರೆ. ನೀರು ತಾಗಬೇಕೋ ಬೇಡವೋ? ಅತಿ ಸುಲಭದ ದಾರಿ ದಾಳ: ಕಂಪ್ಯೂಟರು ಒಂದು ಅಂಕಿ ಎಸೆಯಲಿ, ಸಮ ಬಂದರೆ ನೀರು. ಎರಡನೆಯದು ಕವಲು: ಬಲಗೈ ಹಾಕಿದವರಿಗೆ ನೀರು, ಎಡಗೈ ಹಾಕಿದವರಿಗೆ ಕಲ್ಲು. ಮೂರನೆಯದು ಅಂಕ: ಮೆಟ್ಟಿಲ ಬದಿಯ ಭಿಕ್ಷುಕನಿಗೆ ಕಾಸು ಕೊಟ್ಟಿದ್ದರೆ, ಮುದುಕಿಯ ಗಂಟು ಹೊತ್ತಿದ್ದರೆ, ಪುಣ್ಯ ಐದು ದಾಟಿದ್ದರೆ ನೀರು. ನಂಬಿಕೆಗೆ ಹತ್ತಿರವಾಗಿ ಕಾಣುವುದು ಮೂರನೆಯದೇ, ಹೆಚ್ಚಿನ ಲೇಖಕರು ಅದನ್ನೇ ಬರೆದಾರು. ಆದರೆ ಮೂರರಲ್ಲಿ ಧರ್ಮಕ್ಕೆ ಅತಿ ದೂರವಾದದ್ದೂ ಅದೇ ಎಂಬುದು ನನ್ನ ನಿಲುವು. ಪುಣ್ಯ ಐದಾದರೆ ನೀರು ಎಂದು ಗೊತ್ತಾದ ಗಳಿಗೆಯಲ್ಲಿ ಭಿಕ್ಷೆ ಬಂಡವಾಳವಾಗುತ್ತದೆ, ತೀರ್ಥ ಅದರ ಬಡ್ಡಿ. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ಮಾಡಿದ ಅಲ್ಟಿಮಾ ಸರಣಿಯ ನಾಲ್ಕನೆಯ ಆಟ ಇದನ್ನು ದೊಡ್ಡ ಮಟ್ಟದಲ್ಲಿ ಪ್ರಯತ್ನಿಸಿತ್ತು. ದುಷ್ಟನನ್ನು ಕೊಲ್ಲುವುದರ ಬದಲು ಎಂಟು ಸದ್ಗುಣಗಳನ್ನು ಸಾಧಿಸುವುದು ಅದರ ಗುರಿ. ಸಾಧಿಸಿದವನಿಗೆ ಅವತಾರ ಎಂದೇ ಹೆಸರು. ಗುಣಗಳ ಲೆಕ್ಕವನ್ನು ಪರದೆಯ ಮೇಲೆ ತೋರಿಸದೆ ಅಡಗಿಸಿಟ್ಟದ್ದು ಗ್ಯಾರಿಯಟ್ ಅವರ ವಿವೇಕ. ಆದರೂ ಭಿಕ್ಷುಕನಿಗೆ ನಾಣ್ಯ ಕೊಟ್ಟರೆ ಕರುಣೆ ಏರುತ್ತದೆ ಎಂಬುದು ಒಮ್ಮೆ ತಿಳಿದರೆ ಆಡುವವರ ಕಣ್ಣು ಭಿಕ್ಷುಕನ ಮುಖದಿಂದ ಜಾರಿ ಅಂಕಿಯ ಕಡೆ ಹೋಗದೆ ಇರುವುದಿಲ್ಲ.

ನಮ್ಮ ದರ್ಶನಗಳು ಕರ್ಮವನ್ನು ಇಷ್ಟು ನೇರ ಲೆಕ್ಕವಾಗಿ ಕಂಡಿಲ್ಲ. ಮಾಡಿದ ಯಜ್ಞ ಇಂದು ಮುಗಿಯಿತು, ಫಲ ಎಂದೋ ಬರುತ್ತದೆ. ನಡುವೆ ಅದನ್ನು ಹಿಡಿದಿಡುವುದು ಯಾವುದು ಎಂದು ಮೀಮಾಂಸಕರು ಕೇಳಿಕೊಂಡರು. ಕಣ್ಣಿಗೆ ಕಾಣದ ಒಂದು ಶಕ್ತಿಯನ್ನು ಅವರು ಒಪ್ಪಿದರು, ಅದನ್ನು ಅಪೂರ್ವ ಎಂದರು. ಸಂಚಿತ, ಪ್ರಾರಬ್ಧ, ಆಗಾಮಿ ಎಂಬ ವೇದಾಂತದ ವಿಂಗಡಣೆಯೂ ಹೇಳುವುದು, ಕೂಡಿಟ್ಟದ್ದೆಲ್ಲ ಒಟ್ಟಿಗೆ ಫಲಿಸುವುದಿಲ್ಲ, ಯಾವುದು ಯಾವಾಗ ಎದುರಿಗೆ ಬರುತ್ತದೆಂದು ಮಾಡಿದವನಿಗೆ ತಿಳಿದಿರುವುದಿಲ್ಲ ಎಂದು. ಗೀತೆ ಇನ್ನೂ ಮುಂದೆ ಹೋಗಿ ಮನುಷ್ಯನ ಅಧಿಕಾರವನ್ನು ಕರ್ಮಕ್ಕೆ ಸೀಮಿತಗೊಳಿಸಿ, ಫಲವನ್ನು ಅವನ ಕೈಯಿಂದ ತೆಗೆದುಬಿಟ್ಟಿತು. ಶರಣರಿಗಂತೂ ದೊರೆತದ್ದು ಪ್ರಸಾದ; ದುಡಿದು ಕೊಂಡುಕೊಂಡದ್ದಲ್ಲ. ಇಷ್ಟೊಂದು ಬೇರೆ ಬೇರೆ ಮತಗಳವರು ಒಂದು ವಿಷಯದಲ್ಲಿ ಹತ್ತಿರ ಬರುತ್ತಾರೆ: ಮಾಡಿದ್ದರ ಗುರುತು ಉಳಿಯುತ್ತದೆ, ಆದರೆ ಅದು ನಾವು ಓದಬಲ್ಲ ಅಂಕಪಟ್ಟಿಯಲ್ಲ. ಹಾಗಿದ್ದರೆ ಗುಂಡಿಯ ನೀರನ್ನು ಆಡುವವರ ನಡತೆಗೆ ಕಟ್ಟಿಹಾಕುವುದನ್ನೇ ಬಿಡಬೇಕು. ನೀರು ತಾಗಲಿ, ತಾಗದಿರಲಿ, ಅದು ಬೆಟ್ಟಕ್ಕೆ ಬಿಟ್ಟದ್ದು. ಆ ಬಳಿಕ ಹಿಂದೆ ಸರತಿಯಲ್ಲಿ ನಿಂತ ಹೆಂಗಸು, ನಿಮಗೆ ಸಿಕ್ಕಿತಾ ಎಂದು ಕೇಳುತ್ತಾಳೆ. ಆಟದ ಆಯ್ಕೆ ಬರಬೇಕಾದದ್ದು ಅಲ್ಲಿ. ಸಿಗದಿದ್ದರೂ ಸಿಕ್ಕಿತು ಎನ್ನಬಹುದು, ಸಿಕ್ಕಿದ್ದನ್ನು ಜಂಬದಿಂದ ಹೇಳಬಹುದು, ನಾಚಿಕೊಂಡು ಸುಮ್ಮನಿರಬಹುದು, ನೀವು ನೋಡಿ ಅಮ್ಮ ಎಂದು ಜಾಗ ಬಿಡಬಹುದು. ಇಳಿಯುವ ದಾರಿಯಲ್ಲಿ ಅವಳು ಮತ್ತೆ ಸಿಕ್ಕಾಗ ಈ ಮಾತಿನ ನೆರಳು ಅವಳ ಮಾತಿನಲ್ಲಿರಬೇಕು, ಅಂಕಿಯ ಹಂಗಿಲ್ಲದೆ. ಇದನ್ನು ಯಾವ ಸಾಧನದಲ್ಲೂ ಮಾಡಬಹುದು ನಿಜ, ಆದರೆ ಇಂಕ್‌ನಂಥದರಲ್ಲಿ ಇದು ಎರಡು ಸಾಲಿನ ಕೆಲಸ. ಪೆಟ್ಟಿಗೆ ಬಾಣಗಳಲ್ಲಿ ಇಂಥ ನಲವತ್ತು ನೆನಪುಗಳನ್ನು ಹೊರುವುದರೊಳಗೆ ನಕ್ಷೆ ಜೇಡರ ಬಲೆಯಾಗಿ ಲೇಖಕರು ಕೈಬಿಡುತ್ತಾರೆ.

ಇಲ್ಲಿ ಒಂದು ಆಕ್ಷೇಪ ಬರಬೇಕು, ಬರುತ್ತದೆ. ಸಾಧನ ಬರೀ ಸಾಧನ, ಅರ್ಥ ಕೊಡುವವನು ಲೇಖಕ. ಒಳ್ಳೆಯ ಬರಹಗಾರನಿಗೆ ಯಾವ ಲೇಖನಿಯಾದರೇನು? ಲೇಖನಿಯ ಮಟ್ಟಿಗೆ ಈ ಮಾತನ್ನು ಒಪ್ಪುತ್ತೇನೆ. ಆಟದ ಸಾಧನ ಲೇಖನಿಯಲ್ಲ, ಅದು ಹಾಸಿನ ಮೇಲೆ ಬರೆದ ಮನೆಗಳ ಹಾಗೆ ಏನು ಸಾಧ್ಯ ಎಂಬುದನ್ನೇ ನಿರ್ಧರಿಸುತ್ತದೆ. ಇದಕ್ಕೆ ಸಾಕ್ಷಿ ನಮ್ಮ ಪರಮಪದ ಸೋಪಾನ ಪಟದಲ್ಲೇ ಇದೆ. ವೈಕುಂಠ ಏಕಾದಶಿಯ ಜಾಗರಣೆಗೆ ದಕ್ಷಿಣದ ಮನೆಗಳಲ್ಲಿ ಹಾಸಿ ಆಡುತ್ತಿದ್ದ, ಜೈನರು ಜ್ಞಾನಚೌಪಡ ಎಂದು ಬೇರೆ ರೂಪದಲ್ಲಿ ಆಡುತ್ತಿದ್ದ ಈ ಪಟದಲ್ಲಿ ಮನೆಗಳಿಗೆ ಗುಣಾವಗುಣಗಳ ಹೆಸರು. ಭಕ್ತಿಯಿಂದ ಏಣಿ ಹೊರಡುತ್ತದೆ, ಅಹಂಕಾರದಲ್ಲಿ ಹಾವು ಕಾದಿರುತ್ತದೆ. ಆದರೆ ಆಡುವವರು ಇಲ್ಲಿ ಏನನ್ನೂ ಆರಿಸುವುದಿಲ್ಲ. ದಾಳ ಒಯ್ದಲ್ಲಿಗೆ ಹೋಗಬೇಕು. ಮನುಷ್ಯ ಯತ್ನದ ಮಾತು ಅಲ್ಲಿಲ್ಲ, ಇರುವುದು ದೈವ, ಶರಣಾಗತಿ ಮತ್ತು ಮೇಲೊಂದು ಪದವಿದೆ ಎಂಬ ಭರವಸೆ. ಜಾಗರಣೆಯ ರಾತ್ರಿಗೆ ಅದೇ ಸರಿಯಾದ ಪಾಠವಾಗಿತ್ತು ಎಂದೇ ನಾನು ಭಾವಿಸುತ್ತೇನೆ. ಅದೇ ಪಟ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋಯಿತು. ಮೊದಲು ಹೆಸರುಗಳು ಅಲ್ಲಿನ ನೀತಿಗೆ ತಕ್ಕಂತೆ ಬದಲಾದವು, ಆಮೇಲೆ ಹೆಸರುಗಳೇ ಹೋದವು. ಉಳಿದದ್ದು ಹಾವು ಏಣಿ, ಮಕ್ಕಳ ಆಟ. ದಾಳವೂ ಮನೆಗಳೂ ಹಾಗೆಯೇ ಇದ್ದವು, ನಂಬಿಕೆ ಮಾತ್ರ ಕಳಚಿಬಿತ್ತು. ಅದು ಹೆಸರುಗಳಲ್ಲಿತ್ತೇ ಹೊರತು ಆಡುವವರ ಕೈಕೆಲಸದಲ್ಲಿ ಇರಲಿಲ್ಲ. ಗುಣವನ್ನು ಮನೆಯ ಮೇಲೆ ಬರೆದರೆ ಸಾಲದು, ಆಡುವ ಕ್ರಿಯೆಯಲ್ಲೇ ಅದು ಇರಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ದೇವರನ್ನೂ ತೀರ್ಥವನ್ನೂ ಆಟಕ್ಕೆ ಇಳಿಸುವುದು ಅಪಚಾರವಲ್ಲವೇ ಎಂಬ ಅನುಮಾನಕ್ಕೆ ಉತ್ತರವೂ ಇಲ್ಲಿಯೇ ಸಿಗುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ದೇವತಾಮೂರ್ತಿಗಳ ಧ್ಯಾನಶ್ಲೋಕಗಳನ್ನೂ ಚಿತ್ರಗಳನ್ನೂ ಸೇರಿಸಿದ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ, ಅದು ಆಟಗಳದ್ದು. ಶಿವ, ವಿಷ್ಣು, ಶಕ್ತಿಯರ ಸಾಲಿನಲ್ಲೇ ಆಟಕ್ಕೂ ಜಾಗ ಕೊಟ್ಟ ಪರಂಪರೆಗೆ ಅಪಚಾರದ ಭಯ ಹೊರಗಿನಿಂದ ಬಂದದ್ದು. ಅಪಚಾರ ಆಗುವುದು ತೀರ್ಥವನ್ನು ಬಹುಮಾನ ಮಾಡಿದಾಗ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಎಲ್ಲ ಉತ್ತರಗಳನ್ನೂ ಲೇಖಕರೇ ಮೊದಲು ಬರೆದಿಟ್ಟಿದ್ದಾರೆ, ಎಲ್ಲ ದಾರಿಗಳೂ ಕೊನೆಗೆ ಬೆಟ್ಟ ಇಳಿಯುವಲ್ಲೇ ಕೂಡುತ್ತವೆ. ಹಾಗಿದ್ದ ಮೇಲೆ ಆಯ್ಕೆ ಒಂದು ಸೋಗು, ಸಂಭಾಷಣೆ ಒಂದು ನಟನೆ. ಇದಕ್ಕೆ ತಾಳಮದ್ದಳೆಯನ್ನು ಮುಂದಿಟ್ಟು ಉತ್ತರಿಸಬೇಕು. ಕರಾವಳಿಯಲ್ಲಿ, ಕಾಸರಗೋಡಿನಲ್ಲಿ, ಮಲೆನಾಡಿನಲ್ಲಿ ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ವೇಷವಿಲ್ಲದೆ ಕುಳಿತ ಅರ್ಥಧಾರಿಗಳು ಆ ಪದ್ಯವನ್ನು ಹಿಡಿದು ಅಲ್ಲೇ ಮಾತು ಕಟ್ಟುತ್ತಾರೆ. ಪ್ರಸಂಗ ಬದಲಾಗುವುದಿಲ್ಲ. ವಾಲಿವಧೆಯಲ್ಲಿ ವಾಲಿ ಬದುಕುವುದಿಲ್ಲ, ಕೃಷ್ಣಸಂಧಾನದಲ್ಲಿ ಸಂಧಿ ಆಗುವುದಿಲ್ಲ, ಸಭೆಯಲ್ಲಿ ಕುಳಿತ ಮಗುವಿಗೂ ಅದು ಗೊತ್ತು. ಆದರೂ ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ರಾತ್ರಿಯಿಡೀ ಕುಳಿತರು. ಮರೆಯಿಂದ ಬಾಣ ಬಿಟ್ಟವನನ್ನು ಬಿದ್ದವನು ಏನೆಂದು ಕೇಳುತ್ತಾನೆ, ಎದುರಿನ ರಾಮ ಅದಕ್ಕೆ ಯಾವ ಸಮರ್ಥನೆ ತರುತ್ತಾನೆ, ಮುಂದಿನ ಪದ್ಯ ಬರುವಷ್ಟರಲ್ಲಿ ಮಾತು ಎಲ್ಲಿ ನಿಲ್ಲುತ್ತದೆ, ಇದು ಒಂದು ರಾತ್ರಿಯಂತೆ ಇನ್ನೊಂದು ರಾತ್ರಿ ಇರಲಿಲ್ಲ. ಅಂತ್ಯ ನಿಶ್ಚಿತವಾದದ್ದರಿಂದಲೇ ಕೇಳುಗರ ಗಮನವೆಲ್ಲ ಮಾತಿನ ನ್ಯಾಯದ ಮೇಲೆ ನಿಂತಿತು. ಮುಂದೇನಾಗುತ್ತದೆ ಎಂಬ ಕುತೂಹಲ ಇದ್ದಿದ್ದರೆ ವಾಲಿಯ ಪ್ರಶ್ನೆ ಇಷ್ಟು ಚುಚ್ಚುತ್ತಿರಲಿಲ್ಲ. ಅರ್ಥಧಾರಿಗೆ ಇರುವಷ್ಟು ಬಿಡುವು ಆಟ ಆಡುವವರಿಗಿಲ್ಲ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು ಎಂಬುದು ನಿಜ. ಅದು ಅಳತೆಯ ವ್ಯತ್ಯಾಸ. ಬದುಕಿನಲ್ಲಿಯೂ ನಾವು ಹುಟ್ಟಿದ ಮನೆ, ಕಲಿತ ಭಾಷೆ, ಎದುರಿನವರ ಮುಖ ನೋಡಿ ಕೆಲವೇ ಮಾತುಗಳೊಳಗೆ ಆರಿಸುತ್ತೇವೆ. ಆರಿಸಿದ್ದಕ್ಕೆ ಹೊಣೆ ಇಲ್ಲವೆಂದು ಯಾರೂ ಹೇಳುವುದಿಲ್ಲ.

ಮೊದಲೇ ಬರೆದಿಟ್ಟ ಮಾತು ನಿಜವಾದ ಸಂವಾದವಾಗಬಲ್ಲದೇ ಎಂಬ ಸಂಶಯಕ್ಕೆ ಶೂನ್ಯಸಂಪಾದನೆಗಿಂತ ದೊಡ್ಡ ಉತ್ತರ ಕನ್ನಡದಲ್ಲಿಲ್ಲ. ಹನ್ನೆರಡನೆಯ ಶತಮಾನದ ಶರಣರ ವಚನಗಳು ಬಿಡಿಬಿಡಿಯಾಗಿದ್ದವು. ಹದಿನೈದನೆಯ ಶತಮಾನದ ಆಸುಪಾಸಿನಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಅವುಗಳನ್ನು ಪ್ರಶ್ನೋತ್ತರವಾಗಿ ಹೊಂದಿಸಿ ಅಲ್ಲಮನ ಸುತ್ತ ಒಂದು ಮಹಾಸಂವಾದ ಕಟ್ಟಿದರು. ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನೇ ಮತ್ತೆ ಮತ್ತೆ ಕಟ್ಟಿದರು. ಸೊಲ್ಲಾಪುರದ ಸಿದ್ಧರಾಮನಿಗೆ ಲಿಂಗದೀಕ್ಷೆಯಾಗುವ ಪ್ರಸಂಗ ಮೊದಲ ಸಂಪಾದನೆಯಲ್ಲಿಲ್ಲ, ಆಮೇಲಿನವುಗಳಲ್ಲಿ ಬಂತು. ವಚನಗಳು ಬಹುಪಾಲು ಅವೇ. ಯಾವ ಪ್ರಶ್ನೆಗೆ ಯಾವ ವಚನ ಉತ್ತರ ಎಂಬ ಜೋಡಣೆ ಬದಲಾದಾಗ ಮತದ ಒತ್ತೇ ಬದಲಾಯಿತು. ಮಹಾದೇವಿಯಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮ ಅವಳನ್ನು ತಡೆದು ಕೇಳುವ ಪ್ರಶ್ನೆಗಳನ್ನು ನೋಡಿ. ನಿನ್ನ ಗಂಡ ಯಾರು, ದೇಹದ ಹಂಗು ತೊರೆದವಳಿಗೆ ಕೂದಲ ಮರೆ ಏಕೆ? ಅವನು ಉತ್ತರ ತಿಳಿಯದೆ ಕೇಳುತ್ತಿಲ್ಲ, ಅವಳಿಂದ ಆ ಮಾತು ಬರಲೆಂದು ಕೇಳುತ್ತಿದ್ದಾನೆ. ಅಕ್ಕ ಸೋತರೆ ಕಲ್ಯಾಣದ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆ ಆ ಭಾಗವನ್ನು ನಡೆಸುವುದಿಲ್ಲ. ಪ್ರತಿ ಉತ್ತರದಲ್ಲೂ ಅವಳು ಯಾರೆಂಬುದು ಇನ್ನಷ್ಟು ತಿಳಿಯಾಗುವುದೇ ಅದರ ಓಟ. ಸಂಪಾದಕರ ಈ ಜೋಡಣೆಯ ಕೆಲಸವನ್ನೇ ಇಂದು ಆಟದ ಸಂಭಾಷಣೆ ಬರೆಯುವವರು ಮಾಡಬೇಕಾಗಿದೆ. ಅವರಿಗೆ ಗುರು ಬೇಕಿದ್ದರೆ ಹಾಲಿವುಡ್ಡಿನ ಚಿತ್ರಕಥೆಯ ಪಾಠಗಳಿಗಿಂತ ಮೊದಲು ಈ ನಾಲ್ವರನ್ನು ಓದಲಿ.

ಕನ್ನಡದ ಸ್ವಭಾವವೂ ಸಾಧನದ ಆಯ್ಕೆಯಲ್ಲಿ ಮಾತಾಡುತ್ತದೆ. ವಿಲ್ ಕ್ರೌಥರ್ 1976ರಲ್ಲಿ ಕೆಂಟಕಿಯ ನಿಜವಾದ ಗುಹೆಯೊಂದನ್ನು ಆಧರಿಸಿ ಬರೆದ ಮೊದಲ ಸಾಹಸದ ಆಟದಿಂದ ಇನ್‌ಫಾರ್ಮ್‌ವರೆಗೆ ಆಡುವವರು ಆಜ್ಞೆಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುವ ಪದ್ಧತಿ ಬೆಳೆದು ಬಂತು. ನಿಜವಾದ ಗುಹೆಯಿಂದ ಹುಟ್ಟಿದ ಪ್ರಕಾರ ಶಿವಗಂಗೆಯ ಗುಹೆಗೆ ಒಗ್ಗಬೇಕಿತ್ತು, ಆದರೆ ನಮ್ಮಲ್ಲಿ ವಿಭಕ್ತಿ ಪದದ ಬೆನ್ನಿಗೆ ಅಂಟಿರುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ. ಆಡುವವರ ಹೆಸರನ್ನು ತುಂಬುವ ಸಾಮಾನ್ಯ ಏರ್ಪಾಡು ಕೂಡ ಇಲ್ಲಿ ಎಡವುತ್ತದೆ: ರಾಮನಿಗೆ, ಸೀತೆಗೆ, ಗುರುವಿಗೆ ಎಂದು ಮೂರು ಹೆಸರಿಗೆ ಮೂರು ಬಗೆ. ಆದ್ದರಿಂದ ಬರೆದ ಉತ್ತರಗಳಿಂದ ಆರಿಸುವ ಸಾಧನವೇ ಕನ್ನಡಕ್ಕೆ ಅನುಕೂಲ. ಅದಕ್ಕಿಂತ ಮುಖ್ಯವಾದದ್ದು, ಕನ್ನಡದಲ್ಲಿ ಯಾರೊಡನೆ ಹೇಗೆ ಮಾತಾಡಿದೆವು ಎಂಬುದೇ ಒಂದು ನಡತೆ. ಮೆಟ್ಟಿಲ ಮೇಲೆ ಮಜ್ಜಿಗೆ ಮಾರುವ ಅಜ್ಜಿಗೆ ‘ಎಷ್ಟಮ್ಮ?’ ಎಂದವರು, ‘ಏಯ್, ಎಷ್ಟು ಹೇಳು’ ಎಂದವರು ಕೊಳ್ಳುವುದು ಅದೇ ಮಜ್ಜಿಗೆ, ಕೊಡುವುದು ಅದೇ ಹಣ. ಭಿಕ್ಷೆಯ ಕಾಸಿಗೆ ಅಂಕ ಕೊಡುವ ಸಾಧನಕ್ಕೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಆಡಿದ ಮಾತನ್ನೇ ನೆನಪಿಡುವ ಸಾಧನಕ್ಕೆ ಅದು ಕಥೆಯ ಜೀವ. ಅಕ್ಷರದ ಕಷ್ಟವನ್ನೂ ಹೇಳಬೇಕು. ಗೋಡೋ ಎಂಬ ಆಟದ ಎಂಜಿನ್ನಿನ ನಾಲ್ಕನೆಯ ಆವೃತ್ತಿ 2023ರಲ್ಲಿ ಬರುವವರೆಗೆ ಅದರಲ್ಲಿ ನಮ್ಮ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತಿರಲಿಲ್ಲ. ಟ್ವೈನ್ ಕಥೆ ಬ್ರೌಸರಿನಲ್ಲೇ ತೆರೆಯುವುದರಿಂದ ಆ ತೊಂದರೆ ಇಲ್ಲ, ಇಂಕ್ ಕಥೆಯನ್ನೂ ಬ್ರೌಸರಿಗೆ ಇಳಿಸಬಹುದು. ಇಂಕ್ ಕಡತ ಸಾದಾ ಪಠ್ಯ ಎಂಬುದು ನನಗೆ ಸಣ್ಣ ವಿಷಯವಲ್ಲ. ಕಂಪನಿ ಮುಚ್ಚಿದರೂ ಅದನ್ನು ತೆರೆದು ಓದಬಹುದು, ಇನ್ನೊಬ್ಬರು ಮತ್ತೆ ಸಂಪಾದಿಸಬಹುದು.

ಈ ವಾದಕ್ಕೆ ಅತಿ ಕಠಿಣ ಪರೀಕ್ಷೆಯೂ ಅದೇ ಬೆಟ್ಟದಲ್ಲಿದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅವಳ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಮಗಳ ಬಳಿಕ ತಾಯಿ ಬೆಳಗೊಳದಲ್ಲಿ ಸಲ್ಲೇಖನ ಕೈಗೊಂಡಳು. ರಾಣಿ ಬೆಟ್ಟದ ತುದಿಯಿಂದ ಹಾರಿದಳು ಎಂಬುದು ಜನರ ಬಾಯಲ್ಲಿ ಬೆಳೆದ ಕಥೆ, ಆ ತುದಿಯನ್ನು ಇಂದೂ ಅವಳ ಹೆಸರಿನಿಂದ ಕರೆಯುತ್ತಾರೆ. ಕವಲನ್ನೇ ನಂಬಿದ ಸಾಧನದಲ್ಲಿ ಬರೆಯುವವರಿಗೆ ಇಲ್ಲೊಂದು ಆಯ್ಕೆಯ ಬಟನ್ ಇಡುವ ಆಸೆ ಬಂದೇ ಬರುತ್ತದೆ: ಹಾರು, ಹಿಂದೆ ಸರಿ. ಅದನ್ನು ಇಡಬಾರದು. ಒಬ್ಬ ಹೆಣ್ಣಿನ ಸಾವನ್ನು ಆಡುವವರ ಬೆರಳಿಗೆ ಕೊಟ್ಟು, ಬೇಡವೆನಿಸಿದರೆ ಮೌಸ್‌ನ ಚಕ್ರ ಹಿಂದೆ ತಿರುಗಿಸಿ ಎನ್ನುವುದರಲ್ಲಿ ಕರ್ಮದ ತೂಕವೂ ಇಲ್ಲ, ಸತ್ತವರ ಮೇಲಿನ ಗೌರವವೂ ಇಲ್ಲ. ಅವಳು ಇಲ್ಲಿ ಸತ್ತಳೆಂಬುದು ಪ್ರಸಂಗದ ಪದ್ಯದ ಹಾಗೆ ಸ್ಥಿರವಾಗಿರಲಿ. ತುದಿಯ ಬಳಿ ಕುಳಿತ ಒಬ್ಬ ಶೈವ ಯಾತ್ರಿಕ, ಒಬ್ಬ ಜೈನ ಯಾತ್ರಿಕ, ಹಾರಿದ ಕಥೆಯನ್ನೇ ಸತ್ಯವೆಂದು ನಂಬಿದ ಊರಿನ ಹುಡುಗ, ಈ ಮೂವರೂ ಆಡುವವರನ್ನು ಕೇಳಲಿ: ಅವಳು ಏಕೆ ಸತ್ತಳೆಂದು ನೀವು ತಿಳಿದಿದ್ದೀರಿ? ಆಡುವವರು ಶಾಸನವನ್ನು ಮುಂದಿಡಬಹುದು, ಹುಡುಗನ ಕಥೆಯನ್ನು ಮುರಿಯದೆ ಬಿಡಬಹುದು, ತಾಯಿಯ ಮಾತೆತ್ತಬಹುದು, ಇದು ನಾವು ತೀರ್ಮಾನಿಸುವ ವಿಷಯವಲ್ಲ ಎನ್ನಬಹುದು. ಇಂಕ್‌ನಲ್ಲಿ ಇದಕ್ಕೆ ಬೇಕಾದದ್ದು ಒಂದು ಸಂಭಾಷಣೆಯ ಭಾಗ, ನಾಲ್ಕು ಉತ್ತರ, ಮತ್ತು ಕೆಳಗೆ ಗಂಗಾಧರೇಶ್ವರನ ಗುಡಿಯ ಬಳಿ ಅದೇ ಹುಡುಗ ಮತ್ತೆ ಎದುರಾದಾಗ ನಾಲ್ಕರಲ್ಲಿ ಯಾವುದನ್ನು ಹೇಳಿದಿರೆಂದು ನೋಡುವ ಒಂದು ಷರತ್ತು.